ಹಳೆ ಕಾರಿಗೆ ದುಬಾರಿ ಪೆಟ್ರೋಲ್ ಬೇಕಿಲ್ಲ, ಹೊಸ ಪೈಪ್ ಬೇಕು: ಇ20 ಕಾಲದಲ್ಲಿ ನಮ್ಮ ಜಿಲ್ಲೆಯ ಗಾಡಿಗಳ ಲೆಕ್ಕ

ಚಿತ್ರದುರ್ಗ: ಬಂಕ್‌ನಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಹುಡುಗ ಕೇಳೋ ಮೊದಲ ಮಾತು, "ಅಣ್ಣಾ, ನಾರ್ಮಲ್ ಹಾಕ್ಲಾ, ಪ್ರೀಮಿಯಂ ಹಾಕ್ಲಾ?" ಹೊಸ ಗಾಡಿಯವರು ಯೋಚನೆ ಮಾಡದೆ ಏನೋ ಒಂದು ಹೇಳ್ತಾರೆ. ಹಳೆ ಗಾಡಿಯವರು ಮಾತ್ರ ಒಂದು ಕ್ಷಣ ನಿಲ್ತಾರೆ. ಪೆಟ್ರೋಲ್‌ಗೆ ಎಥೆನಾಲ್ ಬೆರೆಸ್ತಿದ್ದಾರೆ, ಎಂಜಿನ್ ಹಾಳಾಗುತ್ತೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೊಂದು ವಿಡಿಯೊ ಬರ್ತಿರುವಾಗ, ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ ಕೊಟ್ಟು ಒಳ್ಳೆಯದನ್ನೇ ಹಾಕಿಸಿಬಿಡೋಣ ಅಂತ ಅನ್ನಿಸೋದು ಸಹಜ.

ನಮ್ಮ ಮನೆಯಲ್ಲೂ ಇದೇ ಆಯ್ತು. 2008ರ ಒಂದು ವ್ಯಾನ್ ಇದೆ. ಅಪ್ಪ ಚಿತ್ರದುರ್ಗದಿಂದ ಹೊಳಲ್ಕೆರೆ ಅಂಗಡಿಗೆ ಸಾಮಾನು ತರೋದು ಅದರಲ್ಲೇ. ಒಂದು ದಿನ ಗಾಡಿಯೊಳಗೆ ಪೆಟ್ರೋಲ್ ವಾಸನೆ ಶುರುವಾಯ್ತು. ಮೈಲೇಜ್ ಕೂಡ ಇಳಿದಿತ್ತು. ಪೆಟ್ರೋಲೇ ಸರಿ ಇಲ್ಲ ಅಂತ ಅಪ್ಪ ಮೂರು ತಿಂಗಳು ಪ್ರೀಮಿಯಂ ಹಾಕಿಸಿದರು. ವಾಸನೆ ಹೋಗಲಿಲ್ಲ. ಕೊನೆಗೆ ಗ್ಯಾರೇಜ್‌ಗೆ ತಗೊಂಡು ಹೋದಾಗ ಮೆಕ್ಯಾನಿಕ್ ಸೀಟ್ ಎತ್ತಿ ಟಾರ್ಚ್ ಬಿಟ್ಟು ತೋರಿಸಿದ. ಫಿಲ್ಟರ್ ಹತ್ತಿರದ ರಬ್ಬರ್ ಪೈಪ್ ಬಿರುಕು ಬಿಟ್ಟು ಒದ್ದೆಯಾಗಿತ್ತು. ಬಿಸಿ ಎಂಜಿನ್ ಅಲ್ಲೇ ಗೇಣುದ್ದ ದೂರದಲ್ಲಿತ್ತು. "ತಮ್ಮಾ, ಇದು ಪೆಟ್ರೋಲ್ ಬದಲಾಯಿಸಿದ್ರೆ ಹೋಗೋ ಕಾಯಿಲೆ ಅಲ್ಲ, ಪೈಪ್ ಬದಲಾಯಿಸು" ಅಂದ. ಖರ್ಚಾಗಿದ್ದು ಕೆಲವು ನೂರು ರೂಪಾಯಿ. ಪ್ರೀಮಿಯಂಗೆ ಮೂರು ತಿಂಗಳಲ್ಲಿ ಹಾಕಿದ ಹೆಚ್ಚುವರಿ ದುಡ್ಡು ಅದಕ್ಕಿಂತ ಜಾಸ್ತಿ ಇತ್ತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಅಂಗಡಿ ಸಾಮಾನಿಗೆ, ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಓಡೋದು ಬಹಳಷ್ಟು ಇಂಥ ಹಳೆ ಗಾಡಿಗಳೇ. ಮಾರುತಿ 800 ತಯಾರಿಕೆ 2014ರಲ್ಲಿ, ಓಮ್ನಿ ತಯಾರಿಕೆ 2019ರಲ್ಲಿ ನಿಂತಿದೆ. ಆದ್ರೂ ಕೆಎ-16 ನಂಬರಿನ ಆ ಗಾಡಿಗಳು ನಮ್ಮ ರಸ್ತೆಯಲ್ಲಿ ಇನ್ನೂ ದುಡೀತಾ ಇವೆ. ಇವುಗಳಿಗೆ ಯಾವ ಪೆಟ್ರೋಲ್, ಯಾವ ಆಯಿಲ್ ಅನ್ನೋದನ್ನ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಇ20 ಬಂದಿದ್ದು ಹೇಗೆ

ಇ20 ಅಂದ್ರೆ 100 ಲೀಟರ್‌ನಲ್ಲಿ 20 ಲೀಟರ್ ಎಥೆನಾಲ್, 80 ಲೀಟರ್ ಪೆಟ್ರೋಲ್. ಕಬ್ಬು, ಮೆಕ್ಕೆಜೋಳ, ನುಚ್ಚಕ್ಕಿಯಿಂದ ತಯಾರಾಗುವ ಒಂದು ಬಗೆಯ ಸ್ಪಿರಿಟ್ಟೇ ಎಥೆನಾಲ್. 2014ರಲ್ಲಿ ದೇಶದಲ್ಲಿ ಪೆಟ್ರೋಲ್‌ಗೆ ಬೆರೆಯುತ್ತಿದ್ದ ಎಥೆನಾಲ್ ಶೇ 1.5ರಷ್ಟು ಮಾತ್ರ. 2022ರ ಜೂನ್‌ಗೆ ಅದು ಶೇ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಮೋದಿ ಇ20 ಪೆಟ್ರೋಲ್‌ಗೆ ಚಾಲನೆ ಕೊಟ್ಟರು. ಆಗ 11 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 84 ಬಂಕ್‌ಗಳಲ್ಲಿ ಮಾತ್ರ ಇತ್ತು. ಮೊದಲು 2030ಕ್ಕೆ ಅಂತ ಇಟ್ಟುಕೊಂಡಿದ್ದ ಶೇ 20ರ ಗುರಿ 2025ರಲ್ಲೇ ಮುಗೀತು. ಈಗ ಮಾಮೂಲಿ ಬಂಕ್‌ನಲ್ಲಿ ಸಿಗೋದು ಇ20ಯೇ.

ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮ ಗಾಡಿ ನಿನ್ನೆವರೆಗೂ ಶುದ್ಧ ಪೆಟ್ರೋಲ್ ಕುಡೀತಿತ್ತು, ಇವತ್ತು ದಿಢೀರ್ ಅಂತ ಎಥೆನಾಲ್ ಕೊಟ್ಟರು ಅನ್ನೋದು ಸರಿಯಲ್ಲ. ಇ20ಕ್ಕೆ ಮುಂಚೆಯೇ ಇ10 ಓಡ್ತಿತ್ತು. ನಮಗೆ ಗೊತ್ತಾಗಿರಲಿಲ್ಲ ಅಷ್ಟೆ.

ಆದರೆ ಹಳೆ ಗಾಡಿಯವರ ಆತಂಕ ಪೂರ್ತಿ ಸುಳ್ಳೂ ಅಲ್ಲ. ಇ20 ತಡೆದುಕೊಳ್ಳುವ ಪೈಪ್, ಸೀಲ್, ರಬ್ಬರ್ ಭಾಗಗಳಿರುವ ಗಾಡಿಗಳು ಬರಬೇಕು ಅಂತ ಗುರುತು ಹಾಕಿದ್ದು 2023ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ಬಹಳಷ್ಟು ಗಾಡಿ ಇ10ಕ್ಕೆ ಆದವು. ಇನ್ನೂ ಹಳೆಯವು ಎಥೆನಾಲ್ ಯೋಚನೆಯೇ ಇಲ್ಲದ ಕಾಲದಲ್ಲಿ ಮಾಡಿದವು.

ಆಕ್ಟೇನ್ ಜಾಸ್ತಿ ಅಂದ್ರೆ ಪವರ್ ಜಾಸ್ತಿನಾ?

ನಮ್ಮ ಕಡೆ ದೊಡ್ಡ ತಪ್ಪು ತಿಳಿವಳಿಕೆ ಇರೋದು ಇಲ್ಲೇ. ಬಂಕ್ ಬೋರ್ಡ್ ಮೇಲಿನ 91, 95, 100 ಅನ್ನೋ ನಂಬರ್‌ಗಳನ್ನ ಹಾಲಿನ ಫ್ಯಾಟ್ ಥರ ಓದ್ತೀವಿ. ನಂಬರ್ ಜಾಸ್ತಿ ಇದ್ದರೆ ಮಾಲು ಗಟ್ಟಿ ಅನ್ನೋ ಲೆಕ್ಕ. ಆಕ್ಟೇನ್‌ಗೂ ಪೆಟ್ರೋಲಿನ ಶಕ್ತಿಗೂ ನೇರ ಸಂಬಂಧ ಇಲ್ಲ.

ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದು ಪೆಟ್ರೋಲ್-ಗಾಳಿ ಮಿಶ್ರಣವನ್ನ ಒತ್ತುತ್ತೆ. ಒತ್ತಿದಾಗ ಅದು ಬಿಸಿಯಾಗುತ್ತೆ. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟಾಗ ಬೆಂಕಿ ಅಲ್ಲಿಂದ ಒಂದೇ ಸಮ ಹರಡಬೇಕು. ಅಷ್ಟರಲ್ಲಿ ಇನ್ನೊಂದು ಮೂಲೆಯ ಮಿಶ್ರಣ ಬಿಸಿಗೆ ತಾನಾಗೇ ಹತ್ತಿಕೊಂಡರೆ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಟಕಟಕ ಸದ್ದು ಬರುತ್ತೆ. ಅದಕ್ಕೇ ನಾಕಿಂಗ್ ಅನ್ನೋದು. ಬೇಸಿಗೆ ಮಧ್ಯಾಹ್ನ ನಾಲ್ಕು ಜನ ಕೂತು ಜೋಗಿಮಟ್ಟಿ ಏರನ್ನ ಟಾಪ್ ಗೇರ್‌ನಲ್ಲೇ ಹತ್ತಿಸಲು ಹೋದವರು ಈ ಸದ್ದು ಕೇಳಿರ್ತಾರೆ. ಹಾಗೆ ತಾನಾಗೇ ಹತ್ತಿಕೊಳ್ಳದೆ ಪೆಟ್ರೋಲ್ ಎಷ್ಟು ತಡೆಯುತ್ತೆ ಅನ್ನೋದರ ಅಳತೆಯೇ ಆಕ್ಟೇನ್.

ಹೆಚ್ಚು ಒತ್ತುವ ಎಂಜಿನ್‌ಗೆ, ಟರ್ಬೊ ಇರುವ ಎಂಜಿನ್‌ಗೆ ಜಾಸ್ತಿ ಆಕ್ಟೇನ್ ಬೇಕು. ನಮ್ಮ ಹಳೆ ಸಣ್ಣ ಕಾರುಗಳ ಎಂಜಿನ್ ಒತ್ತೋದೇ ಕಡಿಮೆ. ಭಾರತ್ ಸ್ಟೇಜ್ 2ರ ಕಾಲದಲ್ಲಿ ಸಿಗ್ತಿದ್ದ ಪೆಟ್ರೋಲ್ 88 ಆಕ್ಟೇನ್‌ದು. ಆ ಗಾಡಿಗಳು ಅದರಲ್ಲೇ ಚೆನ್ನಾಗಿ ಓಡಿದವು. ಆಮೇಲೆ ಅದು 91 ಆಯ್ತು. ಎಥೆನಾಲ್‌ನ ಆಕ್ಟೇನ್ 108ರ ಆಸುಪಾಸು ಇರೋದರಿಂದ ಅದನ್ನ ಬೆರೆಸಿದ ಮೇಲೆ ಇ20 ಪೆಟ್ರೋಲ್ 95ರ ಹತ್ತಿರ ಬಂದಿದೆ ಅಂತ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ.

ಅಂದರೆ 88 ಸಾಕು ಅನ್ನೋ ಎಂಜಿನ್‌ಗೆ ನಾರ್ಮಲ್ ಪೆಟ್ರೋಲ್‌ನಲ್ಲೇ ಬೇಕಾದ್ದಕ್ಕಿಂತ ಜಾಸ್ತಿ ಆಕ್ಟೇನ್ ಸಿಗ್ತಿದೆ. ಇನ್ನೂ ದುಡ್ಡು ಕೊಟ್ಟು ಏರಿಸಿದರೆ ಪಿಕಪ್ಪೂ ಬರಲ್ಲ, ಮೈಲೇಜೂ ಬರಲ್ಲ. ಪ್ರೀಮಿಯಂನಲ್ಲಿ ಇಂಜೆಕ್ಟರ್ ಕ್ಲೀನ್ ಮಾಡುವ ಕೆಮಿಕಲ್ ಇರುತ್ತೆ, ಅದು ನಿಜ. ಆದರೆ ಎಥೆನಾಲ್‌ನಿಂದ ತಪ್ಪಿಸ್ಕೊಳ್ಳೋಕೆ ಪ್ರೀಮಿಯಂ ಹಾಕಿಸ್ತೀನಿ ಅನ್ನೋರು ಕೇಳಿಸ್ಕೊಳ್ಳಿ, 95 ಆಕ್ಟೇನ್‌ನ ಪ್ರೀಮಿಯಂ ಪೆಟ್ರೋಲ್‌ಗಳಿಗೂ ಎಥೆನಾಲ್ ಬೆರೆಸಿರ್ತಾರೆ. ಎಥೆನಾಲ್ ಇಲ್ಲ ಅಂತ ಮಾರುವ 100 ಆಕ್ಟೇನ್ ಪೆಟ್ರೋಲ್‌ಗೆ ಲೀಟರಿಗೆ 150 ರೂಪಾಯಿ ದಾಟುತ್ತೆ, ಅದೂ ದೊಡ್ಡ ಊರಿನ ಆಯ್ದ ಬಂಕ್‌ಗಳಲ್ಲಿ ಮಾತ್ರ.

ಹಳೆ ಗಾಡಿ ನಾಕಿಂಗ್ ಹೊಡೀತಿದ್ರೆ ಮೊದಲು ನೋಡಬೇಕಾದ್ದು ಪೆಟ್ರೋಲ್ ಅಲ್ಲ. ಎಂಜಿನ್ ಒಳಗೆ ಕಾರ್ಬನ್ ಕಟ್ಟಿದೆಯಾ, ಟೈಮಿಂಗ್ ಸರಿ ಇದೆಯಾ, ಪ್ಲಗ್ ಸರಿಯಾದ್ದು ಹಾಕಿದಾರಾ, ರೇಡಿಯೇಟರ್‌ನಲ್ಲಿ ಕೂಲೆಂಟ್ ಇದೆಯಾ ನೋಡಿ. ಇನ್ನು ಗಾಡಿಯ ಮ್ಯಾನುಯಲ್‌ನಲ್ಲೇ, ಇಲ್ಲಾ ಪೆಟ್ರೋಲ್ ಮುಚ್ಚಳದ ಒಳಗೆ 95 ಹಾಕಿ ಅಂತ ಬರೆದಿದ್ದರೆ ಅದರ ಮಾತೇ ಕೊನೆ.

ಮೈಲೇಜ್: ಎಷ್ಟು ಇಳಿಯಬೇಕು, ಎಷ್ಟು ಇಳಿದಿದೆ

ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ. ಐದನೇ ಒಂದು ಭಾಗ ಎಥೆನಾಲ್ ಇದ್ದರೆ ಒಟ್ಟು ಶಕ್ತಿ ಶೇ 6-7 ಇಳಿಯುತ್ತೆ. ನೀತಿ ಆಯೋಗದ 2021ರ ವರದಿಯಲ್ಲೂ ಇದೇ ಇದೆ. ಶುದ್ಧ ಪೆಟ್ರೋಲ್‌ಗೆ ವಿನ್ಯಾಸ ಮಾಡಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ಶೇ 6-7, ಅಂಥ ಬೈಕ್‌ಗಳಲ್ಲಿ ಶೇ 3-4, ಇ10ಕ್ಕೆ ಮಾಡಿ ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 1-2 ಮೈಲೇಜ್ ಕಮ್ಮಿ ಆಗುತ್ತೆ ಅಂತ.

ಇದನ್ನ ಅಂಗಡಿ ಲೆಕ್ಕಕ್ಕೆ ತರೋಣ. ತಿಂಗಳಿಗೆ 1,000 ಕಿಲೋಮೀಟರ್ ಓಡುವ ವ್ಯಾನ್, ಮೊದಲು ಲೀಟರಿಗೆ 15 ಕೊಡ್ತಿತ್ತು, ಪೆಟ್ರೋಲ್ 103 ರೂಪಾಯಿ ಅಂತ ಇಟ್ಟುಕೊಳ್ಳಿ. ಶೇ 6 ಇಳಿದರೆ ಮೈಲೇಜ್ 14.1ಕ್ಕೆ ಬರುತ್ತೆ. 66.7 ಲೀಟರ್ ಸಾಕಾಗ್ತಿದ್ದ ಕಡೆ 70.9 ಲೀಟರ್ ಬೇಕು. ಹೆಚ್ಚುವರಿ ಖರ್ಚು ತಿಂಗಳಿಗೆ ಸುಮಾರು 435 ರೂಪಾಯಿ. ಈ ನಷ್ಟ ತುಂಬಿಸ್ಕೊಳ್ಳೋಕೆ ಅಂತ ಲೀಟರಿಗೆ 8 ರೂಪಾಯಿ ಜಾಸ್ತಿಯ ಪ್ರೀಮಿಯಂ ಹಾಕಿಸಿದರೆ ಅದರ ಮೇಲೆ ಇನ್ನೂ 565 ರೂಪಾಯಿ. ಒಂದು ತೂತು ಮುಚ್ಚೋಕೆ ಹೋಗಿ ಅದಕ್ಕಿಂತ ದೊಡ್ಡ ತೂತು ಮಾಡ್ಕೊಂಡ ಹಾಗೆ. ವರ್ಷಕ್ಕೆ ಲೆಕ್ಕ ಹಾಕಿದರೆ ಈ ಪ್ರೀಮಿಯಂ ಖರ್ಚೇ 6,800 ರೂಪಾಯಿ.

ಇದರಲ್ಲಿ ಇನ್ನೊಂದು ಮಾತೂ ಇದೆ. "ನನ್ನ ಗಾಡಿ 18 ಕೊಡ್ತಿತ್ತು, ಇ20 ಬಂದ ಮೇಲೆ 12ಕ್ಕೆ ಇಳೀತು" ಅನ್ನೋರಿದ್ದಾರೆ. ಅದು ಮೂರನೇ ಒಂದು ಭಾಗ ಇಳಿತ. ಪೆಟ್ರೋಲ್ ಜಾಗದಲ್ಲಿ ಪೂರ್ತಿ ಎಥೆನಾಲ್ ಸುರಿದರೆ ಮಾತ್ರ ಅಷ್ಟು ಇಳಿಯಬೇಕು. ಇ10ನಿಂದ ಇ20ಕ್ಕೆ ಬಂದಾಗ ಶಕ್ತಿ ಇಳಿಯೋದು ಶೇ 3ರ ಆಸುಪಾಸು. ಅದಕ್ಕಿಂತ ತುಂಬಾ ಜಾಸ್ತಿ ಇಳಿದಿದ್ದರೆ ಎಲ್ಲೋ ಸೋರ್ತಿದೆ, ಇಲ್ಲಾ ಏರ್ ಫಿಲ್ಟರ್ ಕಟ್ಟಿದೆ, ಟೈರ್‌ನಲ್ಲಿ ಗಾಳಿ ಇಲ್ಲ, ಬ್ರೇಕ್ ಹಿಡಿದುಕೊಂಡಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ. ಎಲ್ಲವನ್ನೂ ಎಥೆನಾಲ್ ತಲೆಗೆ ಕಟ್ಟಿದರೆ ನಿಜವಾದ ರಿಪೇರಿ ಹಾಗೇ ಉಳಿಯುತ್ತೆ.

ನಿಜವಾದ ತೊಂದರೆ ರಬ್ಬರ್‌ನಲ್ಲಿ, ನೀರಿನಲ್ಲಿ

ಎಥೆನಾಲ್ ಹಳೆ ಕಾಲದ ರಬ್ಬರನ್ನ ಉಬ್ಬಿಸುತ್ತೆ, ಗಟ್ಟಿ ಮಾಡುತ್ತೆ, ಆಮೇಲೆ ಬಿರುಕು ಬಿಡಿಸುತ್ತೆ. ಕಾರ್ಕ್ ಗ್ಯಾಸ್ಕೆಟ್, ಕಾರ್ಬೊರೇಟರ್ ಒಳಗಿನ ವಾಷರ್, ಓ-ರಿಂಗ್, ಪೆಟ್ರೋಲ್ ಪಂಪ್ ಡಯಾಫ್ರಮ್, ಟ್ಯಾಂಕ್‌ನಿಂದ ಎಂಜಿನ್‌ವರೆಗಿನ ಪೈಪ್‌ಗಳು ಇದರ ಬಾಯಿಗೆ ಸಿಗೋವು. ಕೆಲವು ಹಳೆ ಗಾಡಿಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು, ಖರ್ಚು ಕಮ್ಮಿ, ಮಾಮೂಲಿ ಸರ್ವಿಸ್‌ನಲ್ಲೇ ಆಗುತ್ತೆ ಅಂತ ಸಚಿವಾಲಯ ಕೂಡ ಒಪ್ಪಿಕೊಂಡಿದೆ. ಈ ಒಂದು ಸಾಲನ್ನ ಬಂಕ್‌ಗಳಲ್ಲಿ ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದರೆ ಎಷ್ಟೋ ಜನರಿಗೆ ಉಪಯೋಗ ಆಗ್ತಿತ್ತು.

ಯಾಕಂದ್ರೆ ಇದು ಬರೀ ಖರ್ಚಿನ ವಿಷಯ ಅಲ್ಲ. ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ತೊಟ್ಟಿಕ್ಕಿದರೆ ಗಾಡಿಗೆ ಬೆಂಕಿ ಬೀಳಬಹುದು. ಗಾಡಿಯೊಳಗೆ ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಅನ್ನಬೇಡಿ. ನಿಲ್ಲಿಸಿ, ತೋರಿಸಿ, ಆಮೇಲೆ ಓಡಿಸಿ. ಪೈಪ್ ತಗೊಳ್ಳುವಾಗ ಮೀಟರ್ ಲೆಕ್ಕದ ಸಾದಾ ರಬ್ಬರ್ ಪೈಪ್ ಬೇಡ. ಎಥೆನಾಲ್ ತಡೆಯುವ ಫ್ಯೂಯಲ್ ಪೈಪ್ ಕೇಳಿ. ಅದರ ಮೇಲೆ ಎಸ್‌ಎಇ 30ಆರ್9 ಅಂತ ಅಚ್ಚು ಇದ್ದರೆ ಒಳ್ಳೆಯದು. ಇಂಜೆಕ್ಷನ್ ಗಾಡಿಯ ಲೈನ್‌ನಲ್ಲಿ ಪ್ರೆಶರ್ ಜಾಸ್ತಿ ಇರುತ್ತೆ, ಅಲ್ಲಿ ಕಡಿಮೆ ದರ್ಜೆಯ ಪೈಪ್ ಹಾಕಿಸಲೇಬೇಡಿ. ಕ್ಲ್ಯಾಂಪ್ ಕೂಡ ಹೊಸದು ಹಾಕಿಸಿ.

ಎರಡನೆಯದು ಕಾರ್ಬೊರೇಟರ್. ಎಥೆನಾಲ್‌ನಲ್ಲೇ ಆಮ್ಲಜನಕ ಇರುತ್ತೆ. ಹಾಗಾಗಿ ಅದೇ ಗಾಳಿಗೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಬಿಡಬೇಕು. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ನೋಡಿ ಕಂಪ್ಯೂಟರ್ ತಾನೇ ಸರಿ ಮಾಡ್ಕೊಳ್ಳುತ್ತೆ. ಕಾರ್ಬೊರೇಟರ್‌ಗೆ ಅಂಥ ಬುದ್ಧಿ ಇಲ್ಲ, ಮೆಕ್ಯಾನಿಕ್ ಕೈಯಲ್ಲೇ ಹೊಂದಿಸಬೇಕು. ಬೆಳಗ್ಗೆ ಬೇಗ ಸ್ಟಾರ್ಟ್ ಆಗಲ್ಲ, ಆಕ್ಸಿಲರೇಟರ್ ಕೊಟ್ಟಾಗ ಮುಗ್ಗರಿಸುತ್ತೆ ಅಂದ್ರೆ ಟ್ಯೂನಿಂಗ್ ಮಾಡಿಸಿ. ಅದಕ್ಕೂ ಆಕ್ಟೇನ್‌ಗೂ ಸಂಬಂಧ ಇಲ್ಲ.

ಮೂರನೆಯದು ನೀರು. ಎಥೆನಾಲ್ ಗಾಳಿಯ ತೇವ ಹೀರುತ್ತೆ. ನೀರು ಮಿತಿ ಮೀರಿದರೆ ಎಥೆನಾಲ್ ನೀರಿನ ಜೊತೆ ಸೇರಿ ಟ್ಯಾಂಕ್ ತಳಕ್ಕೆ ಇಳಿಯುತ್ತೆ. ದಿನಾ ಓಡುವ ಗಾಡಿಗೆ ಈ ಚಿಂತೆ ಅಷ್ಟಾಗಿ ಇಲ್ಲ, ಟ್ಯಾಂಕ್ ಬೇಗ ಖಾಲಿಯಾಗಿ ಹೊಸ ಪೆಟ್ರೋಲ್ ಬರ್ತಿರುತ್ತೆ. ಮಕ್ಕಳು ಬೆಂಗಳೂರಲ್ಲಿ, ಕಾರು ಊರಲ್ಲಿ ಅನ್ನೋ ಮನೆಗಳು ಹೊಸದುರ್ಗ, ಹಿರಿಯೂರು ಕಡೆ ಬೇಕಾದಷ್ಟಿವೆ. ತೇರುಮಲ್ಲೇಶ್ವರ ಜಾತ್ರೆಗೋ ಮದುವೆಗೋ ಹೊರಗೆ ತೆಗೆಯೋದು ಬಿಟ್ಟರೆ ಅಂಥ ಕಾರು ಶೆಡ್‌ನಲ್ಲೇ ಇರುತ್ತೆ. ಕಬ್ಬಿಣದ ಟ್ಯಾಂಕ್ ತುಕ್ಕು ಹಿಡಿಯೋದು ಹೀಗೇ. ಅಂಥವರು ಹದಿನೈದು ದಿನಕ್ಕೊಮ್ಮೆಯಾದರೂ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ. ಟ್ಯಾಂಕ್ ತಳ ಕಾಣುವಷ್ಟು ಖಾಲಿ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಎಥೆನಾಲ್ ಟ್ಯಾಂಕಿನ ಹಳೆ ಕೊಳೆಯನ್ನೂ ಬಿಡಿಸಿಕೊಂಡು ಬರುತ್ತೆ, ಅದೆಲ್ಲ ಫಿಲ್ಟರ್‌ಗೆ ಹೋಗಿ ಕಟ್ಟುತ್ತೆ. ಆದ್ದರಿಂದ ಪೆಟ್ರೋಲ್ ಫಿಲ್ಟರ್ ಬದಲಾಯಿಸಿ ಎಷ್ಟು ದಿನ ಆಯ್ತು ಅನ್ನೋದನ್ನ ಇವತ್ತೇ ನೋಡಿ.

ಆಯಿಲ್: ದಪ್ಪ ಒಳ್ಳೆಯದಾ, ತೆಳು ಒಳ್ಳೆಯದಾ

ಆಟೊಮೊಬೈಲ್ ಅಂಗಡಿಯಲ್ಲಿ ಒಬ್ಬರು ಹಳೆ ಎಂಜಿನ್‌ಗೆ ದಪ್ಪ ಆಯಿಲ್ ಹಾಕು ಅಂತಾರೆ, ಇನ್ನೊಬ್ಬರು ಫುಲ್ ಸಿಂಥೆಟಿಕ್ ಹಾಕಿದ್ರೆ ಹೊಸದಾಗುತ್ತೆ ಅಂತಾರೆ. ಇಬ್ಬರ ಮಾತೂ ಅರ್ಧ ಸರಿ.

ಡಬ್ಬದ ಮೇಲೆ 20ಡಬ್ಲ್ಯು-40 ಅಂತ ಇದ್ದರೆ ಮೊದಲ ನಂಬರ್ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನ ಹೇಳುತ್ತೆ, ಚಿಕ್ಕದಾದಷ್ಟೂ ಬೇಗ ಹರಿಯುತ್ತೆ. ಎರಡನೇ ನಂಬರ್ ಎಂಜಿನ್ ಬಿಸಿಯಾದಾಗ ಎಷ್ಟು ದಪ್ಪ ಉಳಿಯುತ್ತೆ ಅನ್ನೋದು. ಕಾರ್ಬೊರೇಟರ್ ಕಾಲದ ಬಹಳ ಗಾಡಿಗಳಿಗೆ 20ಡಬ್ಲ್ಯು-40, 15ಡಬ್ಲ್ಯು-40 ಥರದ್ದನ್ನ ಕಂಪನಿಗಳೇ ಹೇಳ್ತಿದ್ದವು. ನಮ್ಮ ಕಡೆ ಹಿಮ ಬೀಳೋ ಚಳಿ ಇಲ್ಲ, ಬೇಸಿಗೆ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತೆ, ಆ ದರ್ಜೆ ಅಲ್ಲಿಗೆ ಹೊಂದುತ್ತೆ. ಈಚಿನ ಎಂಜಿನ್‌ಗಳು 5ಡಬ್ಲ್ಯು-30, 0ಡಬ್ಲ್ಯು-20 ಕೇಳ್ತವೆ. ಅವುಗಳ ಆಯಿಲ್ ದಾರಿಗಳೇ ಸಣ್ಣ, ದಪ್ಪ ಆಯಿಲ್ ಹಾಕಿದರೆ ಮೇಲಕ್ಕೆ ಹತ್ತೋದು ತಡ. ಹಾಗಾಗಿ ಮೊದಲ ಉತ್ತರ ಯಾವಾಗಲೂ ಮ್ಯಾನುಯಲ್‌ದೇ. ಅದು ಕಳೆದುಹೋಗಿದ್ದರೆ ಮಾಡೆಲ್, ವರ್ಷ ಹೇಳಿ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಎಂಜಿನ್ ಸವೆದು ಹೊಗೆ ಬರ್ತಿದ್ದರೆ ಒಂದು ದರ್ಜೆ ದಪ್ಪ ಆಯಿಲ್‌ನಿಂದ ಹೊಗೆ ಕಮ್ಮಿ ಆಗಬಹುದು. ಅದು ನೋವಿನ ಮಾತ್ರೆ ಥರ, ರಿಂಗ್, ವಾಲ್ವ್ ಸೀಲ್ ರಿಪೇರಿ ಅದರಿಂದ ತಪ್ಪಲ್ಲ.

ಆಯಿಲ್ ಕಪ್ಪಾಗಿದೆ ಅಂತ ಗಾಬರಿ ಬೀಳೋದೂ ಬೇಡ. ಕೊಳೆಯನ್ನ ತನ್ನೊಳಗೆ ಹಿಡಿದಿಟ್ಟುಕೊಳ್ಳೋದು ಆಯಿಲ್‌ನ ಕೆಲಸ, ಕಪ್ಪಾಗೋದು ಅದಕ್ಕೇ. ಗಮನಿಸಬೇಕಾದ್ದು ಬೇರೆ. ಡಿಪ್‌ಸ್ಟಿಕ್ ಎಳೆದಾಗ ಹಾಲು ಹಾಕಿದ ಕಾಫಿ ಬಣ್ಣ ಕಂಡರೆ ಆಯಿಲ್‌ಗೆ ನೀರು ಸೇರಿದೆ. ಪೆಟ್ರೋಲ್ ವಾಸನೆ ಹೊಡೆದು, ಲೆವೆಲ್ ಇಳಿಯೋ ಬದಲು ಏರಿದ್ದರೆ ಪೆಟ್ರೋಲ್ ಒಳಗೆ ಇಳೀತಿದೆ. ಎರಡೂ ಬೇರಿಂಗ್‌ಗೆ ಕೇಡು.

ಇದು ಅಂಗಡಿಯವರಿಗೆ ಜಾಸ್ತಿ ಅನ್ವಯ. ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್, ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಒಂದು ಕಿಲೋಮೀಟರ್ ಓಡೋ ಗಾಡಿಯ ಎಂಜಿನ್ ಪೂರ್ತಿ ಬಿಸಿ ಆಗೋದೇ ಇಲ್ಲ. ಆಯಿಲ್‌ಗೆ ಇಳಿದ ಪೆಟ್ರೋಲ್, ಎಥೆನಾಲ್, ತೇವ ಆವಿಯಾಗಿ ಹೋಗದೆ ಅಲ್ಲೇ ಉಳಿಯುತ್ತೆ. ಮೀಟರ್ ನೋಡಿದರೆ ವರ್ಷಕ್ಕೆ ಮೂರು ಸಾವಿರ ಕಿಲೋಮೀಟರೂ ಆಗಿರಲ್ಲ, ಆದರೆ ಆಯಿಲ್ ಸತ್ತಿರುತ್ತೆ. ಇಂಥ ಹಳೆ ಗಾಡಿಗಳಿಗೆ 5,000 ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಆಗ ಆಯಿಲ್ ಜೊತೆ ಫಿಲ್ಟರ್ ಕೂಡ ಬದಲಾಯಿಸಿ. ದುಬಾರಿ ಸಿಂಥೆಟಿಕ್ ಹಾಕಿ ಎರಡು ವರ್ಷ ಬಿಡೋದಕ್ಕಿಂತ ಸರಿಯಾದ ದರ್ಜೆಯ ಸಾದಾ ಆಯಿಲನ್ನ ಹೊತ್ತಿಗೆ ಸರಿಯಾಗಿ ಬದಲಾಯಿಸೋದು ಮೇಲು.

ಇನ್ನೆರಡು ಮಾತು. ಎಪಿಐ ಗುರುತಿನಲ್ಲಿ ಎಸ್ಎನ್, ಎಸ್‌ಪಿ ಅಂತ 'ಎಸ್'ನಿಂದ ಶುರುವಾಗೋದು ಪೆಟ್ರೋಲ್ ಎಂಜಿನ್‌ಗೆ, 'ಸಿ'ನಿಂದ ಶುರುವಾಗೋದು ಡೀಸೆಲ್‌ಗೆ. ಕಾರಿನ ಆಯಿಲ್ ಉಳೀತು ಅಂತ ಬೈಕಿಗೆ ಸುರಿಯಬೇಡಿ. ಗೇರ್ ಬೈಕ್‌ನಲ್ಲಿ ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ, ಅದಕ್ಕೆ ಜಾಸೊ ಎಂಎ ಅಥವಾ ಎಂಎ2 ಅಂತ ಬರೆದ ಆಯಿಲ್ಲೇ ಬೇಕು. ಇಲ್ಲಾಂದ್ರೆ ಕ್ಲಚ್ ಜಾರುತ್ತೆ. ಮತ್ತೆ ಸೀಲ್ ಇರುವ ಡಬ್ಬವನ್ನೇ ಬಿಲ್ ಜೊತೆ ತಗೊಳ್ಳಿ, ಖಾಲಿ ಡಬ್ಬಕ್ಕೆ ತೂತು ಹೊಡೆದು ಬಿಸಾಕಿ. ಆ ಡಬ್ಬಕ್ಕೆ ನಕಲಿ ಆಯಿಲ್ ತುಂಬಿ ಇನ್ನೊಬ್ಬರಿಗೆ ಮಾರೋದು ತಪ್ಪುತ್ತೆ.

ಬಂಕ್‌ನಲ್ಲಿ ನಾವು ಕೇಳಬಹುದಾದ್ದು

ಎಥೆನಾಲ್ ಕಾಲದಲ್ಲಿ ಬಂಕ್‌ನ ನೆಲದೊಳಗಿನ ಟ್ಯಾಂಕಿಗೆ ಮಳೆನೀರು ಇಳಿದರೆ ತೊಂದರೆ ಮೊದಲಿಗಿಂತ ದೊಡ್ಡದು. ಅನುಮಾನ ಬಂದರೆ ಫಿಲ್ಟರ್ ಪೇಪರ್ ಪರೀಕ್ಷೆ ಮಾಡಿ ತೋರಿಸಿ, ಡೆನ್ಸಿಟಿ ತೋರಿಸಿ, 5 ಲೀಟರ್ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಿ ಅಂತ ಕೇಳೋ ಹಕ್ಕು ಗ್ರಾಹಕರಿಗಿದೆ. ಕೇಳಿದರೆ ಯಾರೂ ಬೇಜಾರು ಮಾಡ್ಕೊಳ್ಳೋ ಹಾಗಿಲ್ಲ. ಪೆಟ್ರೋಲ್ ಹಾಕಿಸಿದ ಸ್ವಲ್ಪ ದೂರದಲ್ಲೇ ಗಾಡಿ ನಿಂತರೆ ಬಿಲ್ ಇದ್ದವರ ದೂರಿಗೆ ಮಾತ್ರ ಬೆಲೆ. ಬಿಲ್ ತಗೊಳ್ಳೋ ಅಭ್ಯಾಸ ಮಾಡ್ಕೊಳ್ಳಿ.

ಆಯ್ಕೆ ಯಾಕೆ ಇಲ್ಲ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಪೈಪ್ ನಾವು ಬದಲಾಯಿಸಬೇಕು, ಮೈಲೇಜ್ ನಷ್ಟ ನಾವೇ ಹೊರಬೇಕು, ಹಾಗಾದ್ರೆ ನಮಗೆ ಆಯ್ಕೆ ಯಾಕಿಲ್ಲ?

ಇ20ಗೆ ದಾರಿ ಹಾಕಿಕೊಟ್ಟ ನೀತಿ ಆಯೋಗದ 2021ರ ವರದಿಯಲ್ಲೇ ಹಳೆ ಗಾಡಿಗಳಿಗಾಗಿ ಇ10 ಸಿಗ್ತಿರಬೇಕು ಅನ್ನೋ ಮಾತಿತ್ತು. ಮೈಲೇಜ್ ಕಮ್ಮಿ ಆಗೋದರಿಂದ ಇ20 ದರ ಮಾಮೂಲಿ ಪೆಟ್ರೋಲ್‌ಗಿಂತ ಕಮ್ಮಿ ಇರಬೇಕು ಅನ್ನೋ ಸಲಹೆಯೂ ಇತ್ತು. ಎರಡೂ ನಮ್ಮ ಬಂಕ್‌ವರೆಗೆ ಬರಲಿಲ್ಲ. ಆ ವರದಿ ಬರೆದಾಗ ಎಥೆನಾಲ್ ಪೆಟ್ರೋಲ್‌ಗಿಂತ ಅಗ್ಗ ಇತ್ತು, 2025ರ ಹೊತ್ತಿಗೆ ಅದರ ಖರೀದಿ ದರವೇ ಸರಾಸರಿ ಲೀಟರಿಗೆ 71.32 ರೂಪಾಯಿ ಆಗಿ ಪೆಟ್ರೋಲ್‌ಗಿಂತ ದುಬಾರಿ ಆಗಿತ್ತು ಅನ್ನೋದು ಸರ್ಕಾರದ ಉತ್ತರ. ಎಥೆನಾಲ್ ಇಲ್ಲದ ಪೆಟ್ರೋಲ್ ಕೂಡ ಸಿಗಬೇಕು ಅಂತ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಇ20 ಹಾಕಿದರೆ ವಿಮೆ ಹೋಗುತ್ತೆ ಅನ್ನೋದು ಸುಳ್ಳು ಅಂತ ಸಚಿವಾಲಯ ಸ್ಪಷ್ಟ ಮಾಡಿದೆ, ಅಷ್ಟು ಸಮಾಧಾನ.

ಬ್ರೆಜಿಲ್‌ನಲ್ಲಿ ಇದಕ್ಕಿಂತ ಜಾಸ್ತಿ ಎಥೆನಾಲ್ ಹಾಕ್ತಾರೆ ಅಂತ ಹೇಳ್ತಾರೆ. ನಿಜ. ಆದರೆ ಅಲ್ಲಿ 2003ರಿಂದಲೇ ಎಷ್ಟು ಎಥೆನಾಲ್ ಇದ್ದರೂ ಓಡುವ ಕಾರುಗಳು ಬಂದಿವೆ, ಬಂಕ್‌ನಲ್ಲಿ ಬರೀ ಎಥೆನಾಲ್ ಬೇರೆ ದರಕ್ಕೆ ಸಿಗುತ್ತೆ. ಯಾವುದು ಅಗ್ಗ ಅಂತ ಜನ ಲೆಕ್ಕ ಹಾಕಿ ತುಂಬಿಸ್ಕೊಳ್ತಾರೆ. ನಮಗೆ ಆ ಲೆಕ್ಕ ಹಾಕೋಕೆ ಎರಡನೇ ನಳಿಕೆಯೇ ಇಲ್ಲ.

ರೈತರಿಗೆ ಒಳ್ಳೆಯದಾಗುತ್ತೆ ಅನ್ನೋ ಮಾತನ್ನೂ ನಮ್ಮ ಜಿಲ್ಲೆಯಿಂದಲೇ ನೋಡಬಹುದು. ಈಗ ದೇಶದಲ್ಲಿ ಎಥೆನಾಲ್‌ಗೆ ದೊಡ್ಡ ಮೂಲ ಮೆಕ್ಕೆಜೋಳ. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳ ಹೊಲ ನೋಡಿದವರಿಗೆ ಅದು ಎಷ್ಟು ಬೆಳೀತಾರೆ ಅಂತ ಹೇಳಬೇಕಾಗಿಲ್ಲ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. 2025ರ ನವೆಂಬರ್‌ನಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ಸಿಗ್ತಿದ್ದದ್ದು 1,600ರಿಂದ 1,800 ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಪ್ರಧಾನಿಗೆ ಪತ್ರ ಬರೆದರು. ರಾಜ್ಯದ ಕಾರ್ಖಾನೆಗಳಿಗೆ ಎಥೆನಾಲ್ ಹಂಚಿಕೆ ಕಮ್ಮಿ ಅನ್ನೋ ವಿಷಯಕ್ಕೂ ರಾಜ್ಯ-ಕೇಂದ್ರದ ನಡುವೆ ಜಗಳ ಆಯ್ತು. ಹಿರಿಯೂರಿನ ವಾಣಿವಿಲಾಸ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷ ಆಗಿದೆ, ಆ ಕಡೆಯಿಂದ ನಮಗೆ ಬರೋದು ಏನೂ ಇಲ್ಲ.

ಒಂದೇ ಮನೆಯ ಲೆಕ್ಕ ನೋಡಿ. ಹೊಲದ ಮೆಕ್ಕೆಜೋಳ ಆಗ ಬೆಂಬಲ ಬೆಲೆಗಿಂತ 600 ರೂಪಾಯಿ ಕಮ್ಮಿಗೆ ಹೋಯ್ತು. ಅದೇ ಮೆಕ್ಕೆಜೋಳದ ಎಥೆನಾಲ್ ಪೆಟ್ರೋಲ್ ಬೆಲೆಗೇ ಗಾಡಿ ಟ್ಯಾಂಕಿಗೆ ವಾಪಸ್ ಬರುತ್ತೆ. ಹಳೆ ಗಾಡಿ ಮಾರಿ ಹೊಸದು ತಗೊಳ್ಳಿ ಅನ್ನೋದು ಹೇಳೋಕೆ ಸುಲಭ. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಹಳೆ ಗಾಡಿ ಇಟ್ಟುಕೊಂಡವರು ಶೋಕಿಗೆ ಇಟ್ಟುಕೊಂಡಿಲ್ಲ.

ಜನರ ಬೇಡಿಕೆ ದೊಡ್ಡದೇನಲ್ಲ. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಂದು ಬಂಕ್‌ನಲ್ಲಾದರೂ ಇ10 ಸಿಗಲಿ. ಯಾವ ಪೆಟ್ರೋಲ್‌ನಲ್ಲಿ ಎಷ್ಟು ಎಥೆನಾಲ್ ಇದೆ, ಯಾವ ವರ್ಷದ ಗಾಡಿಗೆ ಏನು ನೋಡಿಕೊಳ್ಳಬೇಕು ಅಂತ ಕನ್ನಡದಲ್ಲಿ ಬೋರ್ಡ್ ಹಾಕಲಿ. ಇದನ್ನ ಸಂಸದರ ಹತ್ತಿರ, ಜಿಲ್ಲಾಡಳಿತದ ಹತ್ತಿರ ಕೇಳೋಕೆ ವರ್ತಕರ ಸಂಘಗಳು, ಗ್ಯಾರೇಜ್‌ನವರು, ಟ್ಯಾಕ್ಸಿಯವರು ಒಟ್ಟಾಗಬೇಕು.

ಅಲ್ಲಿವರೆಗೆ ನಮ್ಮ ಕೈಯಲ್ಲಿರೋದನ್ನ ಮಾಡೋಣ. ಮ್ಯಾನುಯಲ್ ಕೇಳದಿದ್ದರೆ ನಾರ್ಮಲ್ ಪೆಟ್ರೋಲ್ ಸಾಕು. ಉಳಿದ ದುಡ್ಡಲ್ಲಿ ಪೈಪ್, ಕ್ಲ್ಯಾಂಪ್, ಪೆಟ್ರೋಲ್ ಫಿಲ್ಟರ್ ಬದಲಾಯಿಸಿ. ಕಾರ್ಬೊರೇಟರ್ ಗಾಡಿ ಟ್ಯೂನ್ ಮಾಡಿಸಿ. ಆರು ತಿಂಗಳಿಗೊಮ್ಮೆ ಆಯಿಲ್ ಬದಲಾಯಿಸಿ. ನಮ್ಮ ಮನೆ ವ್ಯಾನ್ ಈಗ ನಾರ್ಮಲ್ ಪೆಟ್ರೋಲ್‌ನಲ್ಲೇ ಓಡ್ತಿದೆ. ವಾಸನೆ ಇಲ್ಲ. ಮೈಲೇಜ್ ಮೊದಲಿನಷ್ಟು ಬಂದಿಲ್ಲ, ಆದರೆ ಅರ್ಧದಷ್ಟು ವಾಪಸ್ ಬಂದಿದೆ. ಅಪ್ಪ ಮಾತ್ರ ಇನ್ನೂ ದಿನಾ ಬೆಳಗ್ಗೆ ಸೀಟ್ ಎತ್ತಿ ಒಂದು ಸಲ ಮೂಸಿ ನೋಡೇ ಸ್ಟಾರ್ಟ್ ಮಾಡೋದು. ಆ ಅಭ್ಯಾಸ ಎಲ್ಲರಿಗೂ ಇದ್ದರೆ ಒಳ್ಳೆಯದೇ.